ಊಟದ ಮೇಜಿನ ಮೇಲಿನ ಸೇರು

ನಮ್ಮ ಮನೆಯಲ್ಲಿ ಆರು ಜನ ಕೂರಬಹುದಾದ ಒಂದು ಊಟದ ಮೇಜಿದೆ. ಅದರ ಮೇಲೆ ಯಾರೂ ಊಟ ಮಾಡುವುದಿಲ್ಲ. ಇಬ್ಬರೇ ಇರುವ ಮನೆಗೆ ಆರು ಕುರ್ಚಿ ಯಾಕೆ ಮೇಡಂ ಎಂದು ಅಂಗಡಿಯವನೇ ಕೇಳಿದ್ದ. ನೆಂಟರು ಬರುತ್ತಾರಲ್ಲಪ್ಪ ಎಂದಿದ್ದೆ. ನೆಂಟರು ಬರುತ್ತಾರೆ, ತಟ್ಟೆ ಹಿಡಿದು ಸೋಫಾದ ಮೇಲೆ ಕೂರುತ್ತಾರೆ, ತೊಡೆಯ ಮೇಲೆ ಸಾರು ಚೆಲ್ಲಿಕೊಳ್ಳುತ್ತಾರೆ. ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ.

ಜಾಗವಿಲ್ಲದಂತೆ ಮಾಡಿದವಳು ನಾನೇ. ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ವಯಸ್ಸು ಐವತ್ತು ದಾಟಿದೆ. ಮೂರು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ರಾಮನಗರಕ್ಕೆ ಹೋಗಿದ್ದೆ. ಅವರ ಊಟದ ಮೇಜಿನ ನಟ್ಟನಡುವೆ ಹಳೆಯದೊಂದು ಹಿತ್ತಾಳೆ ತಕ್ಕಡಿ ನಿಂತಿತ್ತು. ಒಂದು ತಟ್ಟೆಯಲ್ಲಿ ಸೇವಂತಿಗೆ, ಇನ್ನೊಂದರಲ್ಲಿ ಹಣತೆ. ಬಂದವರೆಲ್ಲ ಹೋಳಿಗೆ ಬಿಟ್ಟು ಅದರ ಫೋಟೋ ತೆಗೆಯುತ್ತಿದ್ದರು. ಮನೆಗೆ ಬಂದು ನನ್ನ ಮೇಜು ನೋಡಿದೆ. ದ್ರಾಕ್ಷಿ ಗೊಂಚಲು ಅಚ್ಚಾದ ಪ್ಲಾಸ್ಟಿಕ್ ಹೊದಿಕೆ, ಉಪ್ಪಿನಕಾಯಿ ಬಾಟಲಿ, ಬಿ.ಪಿ. ಮಾತ್ರೆ, ಕರೆಂಟ್ ಬಿಲ್ಲು. ನಾಚಿಕೆಯಾಯಿತು.

ಅಂದಿನಿಂದ ಹಿಡಿದ ಹುಚ್ಚು. ರಾಮನಗರದ ಗುಜರಿ ಅಂಗಡಿಯಿಂದ ಒಂದು ಹಿತ್ತಾಳೆ ಕೂಜ ಬಂತು. ಕನಕಪುರದಿಂದ ಗಾಜು ಸೀಳಿದ ಲಾಂದ್ರ, ಮಾಗಡಿ ಸಂತೆಯಿಂದ ಎತ್ತಿನ ಕೊರಳ ಗಂಟೆ ಬಂದವು. ಎತ್ತರದ್ದು ನಡುವೆ, ಗಿಡ್ಡವು ಸುತ್ತ, ಕೆಳಗೊಂದು ನೇಯ್ಗೆಯ ಬಟ್ಟೆ, ಎದುರು ಕೂತವರ ಮುಖ ಮುಚ್ಚಬಾರದು ಎಂದು ಮೊಬೈಲ್ ವಿಡಿಯೋ ನೋಡಿ ಕಲಿತೆ. ಕಲಿತದ್ದಕ್ಕಿಂತ ಹೆಚ್ಚು ಹೆದರಿದೆ. ಕೂಜದ ಭಾರಕ್ಕೆ ಮೇಜಿನ ಗಾಜು ಬಿರುಕು ಬಿಟ್ಟರೆ? ಹಿತ್ತಾಳೆಯ ಕಿಲುಬು ಯಾರದಾದರೂ ಹೊಟ್ಟೆಗೆ ಹೋದರೆ? ಗಂಟೆ ಯಾವುದೋ ಸತ್ತ ಎತ್ತಿನದಾಗಿ ಅದರಿಂದ ಮನೆಗೆ ಕೆಡುಕಾದರೆ? ಪ್ರತಿ ಭಾನುವಾರ ಎಲ್ಲವನ್ನೂ ಹುಣಿಸೇಹಣ್ಣಿನಲ್ಲಿ ತಿಕ್ಕುತ್ತಿದ್ದೆ. ಗಾಜನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಿದ್ದೆ.

ನನ್ನ ಯಜಮಾನರು ರಾಮನಗರದ ಗೂಡಿನ ಮಾರುಕಟ್ಟೆಯ ಆಫೀಸಿನಲ್ಲಿದ್ದಾರೆ. ದಿನವಿಡೀ ರೇಷ್ಮೆಗೂಡಿನ ಹರಾಜು ಕೂಗುವುದನ್ನು ಕೇಳಿ ಬಂದವರಿಗೆ ಮನೆಯಲ್ಲಿ ಮಾತು ಕಡಿಮೆ. ಆಡಿದ್ದು ಮಾತ್ರ ನೆಟ್ಟಗೆ ಬಂದು ತಾಗುತ್ತದೆ.

"ಏನಮ್ಮಿ ಇದು? ಪೊಲೀಸ್ನೋರು ಕಳ್ಳರನ್ನ ಹಿಡ್ದು ಮಾಲು ಜೋಡಿಸಿ ಪೇಪರ್ನೋರಿಗೆ ತೋರುಸ್ತಾರಲ್ಲ, ಹಂಗೈತೆ."

ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ನಿಜವಿತ್ತು. ಎಲ್ಲವೂ ಬೇರೆಯವರ ಮನೆಯ ಸಾಮಾನು. ಬಂದವರು ಕೂಜ ಮುಟ್ಟಿ, "ನಿಮ್ಮ ಅಜ್ಜಿದಾ?" ಎಂದು ಕೇಳಿದರೆ ನನಗೆ ಕೆಮ್ಮು ಬರುತ್ತಿತ್ತು. ಯಾರದೋ ಅಜ್ಜಿಯದು ಎನ್ನುವುದಂತೂ ಖಂಡಿತ. ಆಗಲೇ ನನಗೆ ಅವ್ವನ ಸೇರು ನೆನಪಾಗಿದ್ದು.

ನನ್ನ ತವರು ಅಕ್ಕೂರು. ಅವ್ವ ಹೋಗಿ ಆರು ವರ್ಷವಾಯಿತು. ಅಲ್ಲಿ ಈಗ ತಮ್ಮ, ಅವನ ಹೆಂಡತಿ ಇದ್ದಾರೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ತವರಿಗೆ ಬಂದು ಹೊರಟಾಗ ಮಡಿಲಕ್ಕಿ ತುಂಬುತ್ತಾರೆ. ಸೆರಗೊಡ್ಡಿ ನಿಂತರೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಒಂದು ರವಿಕೆ ಕಣ. ನಮ್ಮ ಮನೆಯಲ್ಲಿ ಮೂರು ಸೇರು ಅಕ್ಕಿ. ಅದನ್ನು ಅವ್ವ ಹಿತ್ತಾಳೆ ಪಟ್ಟಿ ಕಟ್ಟಿದ ಮರದ ಸೇರಿನಲ್ಲೇ ಅಳೆಯುತ್ತಿದ್ದಳು. ಬೇರೆ ಯಾವುದರಲ್ಲೂ ಅಳೆದದ್ದು ನಾನು ನೋಡಿಲ್ಲ. ತುಂಬಿಸಿಕೊಂಡ ಮಗಳು ಹೊಸಿಲು ದಾಟುವ ಮುಂಚೆ ಮಡಿಲಿನಿಂದ ಮೂರು ಹಿಡಿ ತೆಗೆದು ಅಲ್ಲೇ ವಾಪಸ್ಸು ಹಾಕಬೇಕು. ಹುಟ್ಟಿದ ಮನೆ ಬರಿದಾಗಬಾರದಲ್ಲ.

ಆ ಸೇರಿನ ಬಾಯಂಚಿನಲ್ಲಿ ಒಂದು ಗುಳಿ ಇತ್ತು. ಅವ್ವ ಹೆಬ್ಬೆಟ್ಟು ಊರಿ ಊರಿ ಮರ ಸವೆದು ಆದ ಗುಳಿ. ನನಗೆ ಅದು ಕಣ್ಣಿಗೆ ಕಟ್ಟಿದಂತಿತ್ತು. ಸೆರಗೊಡ್ಡಿ ತಲೆ ತಗ್ಗಿಸಿ ನಿಂತವಳಿಗೆ ಕಾಣುವುದು ಅವ್ವನ ಮುಖವಲ್ಲ, ಅಕ್ಕಿ ಸುರಿಯುವ ಅವ್ವನ ಹೆಬ್ಬೆಟ್ಟು.

ತಮ್ಮನಿಗೆ ಫೋನು ಮಾಡಿದೆ.

"ಲೋ, ಅವ್ವನ ಸೇರು ಎಲ್ಲಿದೆಯೋ? ಹೆಬ್ಬೆಟ್ಟಿನ ಗುಳಿ ಇರೋದು. ನನಗೆ ಕೊಡೋ."

ಆ ಕಡೆ ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಿದೆ ಎಂದುಕೊಂಡೆ. ಈಗ ಅನಿಸುತ್ತದೆ, ಅದು ಅವನು ಯೋಚನೆ ಮಾಡುತ್ತಿದ್ದ ಸದ್ದು.

"ಏನ್ಕಕ್ಕ ಅದು?"

"ಡೈನಿಂಗ್ ಟೇಬಲ್ ಮೇಲೆ ಇಡೋಕೆ."

"ಟೇಬಲ್ ಮೇಲಾ? ಅಕ್ಕಿ ಅಳ್ಯಕ್ಕಾ?"

"ಅಲ್ಲ ಕಣೋ. ಸುಮ್ಮನೆ. ಅಂದಕ್ಕೆ."

"ಓ," ಎಂದ. "ಎಲ್ಲೈತೋ ಏನೋ ಕಣಕ್ಕ. ಮನೆ ಕಟ್ಟುಸ್ದಾಗ ಎಲ್ಲಾ ಮೂಟೆ ಕಟ್ಟಿ ಮಡಗಿದ್ದೊ. ನೋಡ್ತೀನಿ ಬುಡು."

ಗೆದ್ದಲು ತಿಂದಿರಬಹುದು, ಯಾರೋ ಎತ್ತಿಕೊಂಡು ಹೋಗಿರಬಹುದು, ತಮ್ಮನ ಹೆಂಡತಿ ಒಲೆಗೆ ಇಟ್ಟಿರಬಹುದು ಎಂದು ಇಪ್ಪತ್ತು ದಿನ ನಿದ್ದೆಗೆಟ್ಟೆ. ಅವನು ಕೊಡುವುದಿಲ್ಲ ಎಂಬ ಭಯವೂ ಇತ್ತು. ಹೇಳಿದರೆ ನಗುತ್ತೀರಿ. ಅವ್ವ ಹೋದ ಮೇಲೆ ಆ ಮನೆಯಲ್ಲಿ ನನ್ನದು ಎನ್ನುವುದು ಏನೂ ಉಳಿದಿರಲಿಲ್ಲ. ಹಳೇ ಮನೆ ಕೆಡವಿ ಟೈಲ್ಸಿನ ಮನೆ ಎದ್ದಿತ್ತು. ನಾನು ಮಲಗುತ್ತಿದ್ದ ಮೂಲೆಯಲ್ಲಿ ಫ್ರಿಜ್ಜು ಬಂದಿತ್ತು. ಹೋದಾಗೆಲ್ಲ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಅದೇ ನನಗೆ ಅನುಮಾನ. ನೆಂಟರನ್ನು ನೋಡಿಕೊಂಡಷ್ಟು ಚೆನ್ನಾಗಿ. ಸೇರು ಕೊಟ್ಟರೆ ನಾನು ಇನ್ನೂ ಆ ಮನೆಯ ಮಗಳು, ಇಲ್ಲದಿದ್ದರೆ ನೆಂಟರ ಪೈಕಿ ಎಂದು ಯಾರಿಗೂ ಹೇಳದೆ ನನ್ನೊಳಗೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ.

ತಮ್ಮ ಬಂದ. ಪೇಪರಿನಲ್ಲಿ ಸುತ್ತಿ ತಂದಿದ್ದ. ಬಿಚ್ಚಿದೆ. ಕಪ್ಪಗೆ, ಎಣ್ಣೆ ಹೀರಿ ಮಿನುಗುವ ಮರ, ಎರಡು ಹಿತ್ತಾಳೆ ಪಟ್ಟಿ. ಬಾಯಂಚಿನ ಮೇಲೆ ಬೆರಳಾಡಿಸಿದೆ. ಗುಳಿ ಸಿಕ್ಕಿತು. ನನ್ನ ಹೆಬ್ಬೆಟ್ಟು ಅದರಲ್ಲಿ ಕೂತಿತು. ಅತ್ತುಬಿಟ್ಟೆ.

"ಅಳ್ಬೇಡ ಕಣಕ್ಕ," ಎಂದ ತಮ್ಮ. ಅವನ ಮುಖ ಇಷ್ಟೇ ಇಷ್ಟಾಗಿತ್ತು. ಅವನಿಗೂ ಅವ್ವ ನೆನಪಾದಳು ಎಂದುಕೊಂಡೆ.

ಅಂದಿನಿಂದ ಆ ಸೇರು ಮೇಜಿನ ನಡುವೆ. ಕೂಜ ಪಕ್ಕಕ್ಕೆ ಹೋಯಿತು, ಗಂಟೆ ಬೀರು ಸೇರಿತು. ಸೇರಿನೊಳಗೆ ಒಮ್ಮೆ ಭತ್ತದ ತೆನೆ, ಒಮ್ಮೆ ಕನಕಾಂಬರ, ಏನೂ ಸಿಗದಾಗ ಹಿತ್ತಲ ತುಳಸಿ. ಬಂದವರಿಗೆಲ್ಲ ಕಥೆ ಹೇಳಿದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಚರಿತ್ರೆಯ ಆಧಾರಗಳು ಎಂಬ ಪಾಠಕ್ಕೆ ಸೇರನ್ನೇ ತರಗತಿಗೆ ಒಯ್ದೆ. ವಸ್ತು ಸುಳ್ಳು ಹೇಳುವುದಿಲ್ಲ ಮಕ್ಕಳೇ, ಮನುಷ್ಯ ಹೇಳಬಹುದು ಎಂದೆ. ಇದನ್ನು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಸೇರಿನ ತಳದೊಳಗೆ ಒಂದು ಕೆಂಪು ಚುಕ್ಕಿ ಇತ್ತು. ಅದು ಅವ್ವ ಹಬ್ಬಕ್ಕೆ ಇಟ್ಟ ಕುಂಕುಮ, ಎಷ್ಟು ತೊಳೆದರೂ ಹೋಗಿಲ್ಲ ನೋಡಿ ಎಂದು ಮಕ್ಕಳಿಗೆ ಸಾಲಾಗಿ ತೋರಿಸಿದ್ದೆ.

ತಮ್ಮ ಬಂದಾಗ ಮಾತ್ರ ಮೇಜಿನ ಒಂದು ಬದಿ ಬಿಡಿಸಿ, ಸೇರಿನ ಎದುರಿಗೇ ಕೂರಿಸಿ ಬಡಿಸುತ್ತಿದ್ದೆ. ಜೊತೆಗೆ ಯಾರಾದರೂ ಇದ್ದರೆ ಕಥೆ ಶುರು. ನಾನು ಹೆಬ್ಬೆಟ್ಟಿನ ಜಾಗಕ್ಕೆ ಬಂದು, "ಅಲ್ವೇನೋ?" ಎಂದರೆ ಅವನು ತುತ್ತು ನುಂಗಿ, "ಹೂಂ ಕಣಕ್ಕ, ಅವ್ವಂದೇ," ಎನ್ನುತ್ತಿದ್ದ. ಒಂದು ಸಲ ಕೇಳದೇ ಇದ್ದರೂ ತಾನೇ ಸೇರಿಸಿದ: "ಎಡಗೈಯಲ್ಲಿ ಹಿಡೀತಿದ್ಲು." ಆವತ್ತು ಅವನಿಗೆ ಎರಡು ಮುದ್ದೆ ಜಾಸ್ತಿ ಬಡಿಸಿದೆ.

ಹೀಗೆ ಎರಡು ವರ್ಷ.

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೂ ತಿಂಗಳಿತ್ತು. ಸೇರನ್ನು ಗಾಜಿನ ಮೇಲೆ ನೇರ ಇಟ್ಟರೆ ಗೀರು ಬೀಳುತ್ತದೆಂಬ ಹೊಸ ಚಿಂತೆ ಹತ್ತಿಕೊಂಡಿತು. ಕೆಳಗೊಂದು ಅರಗಿನ ಬಣ್ಣದ ಪೀಠ ಮಾಡಿಸೋಣ ಎಂದು ಅದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು, ಸ್ಕೂಟರಿನ ಕಾಲಿನ ಬಳಿ ಇಟ್ಟುಕೊಂಡು, ನಮ್ಮೂರಿನ ಗೊಂಬೆ ಮಾಡುವವರ ಬೀದಿಗೆ ಹೋದೆ. ಅಲ್ಲಿ ಒಬ್ಬ ಹಿರಿಯ ಸಾಬರಿದ್ದಾರೆ. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಮಷಿನ್ನಿಗೆ ಮರ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ಬಣ್ಣ ಕರಗಿ ಹತ್ತುತ್ತಿತ್ತು. ನನ್ನನ್ನು ನೋಡಿ ಮಷಿನ್ ನಿಲ್ಲಿಸಿದರು. ಚೀಲದಿಂದ ಸೇರು ತೆಗೆದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು.

"ಏನ್ ಟೀಚರಮ್ಮ, ಬಿರುಕು ಬಿಡ್ತಾ?"

"ಇಲ್ಲ ಸಾಬ್ರೇ, ಇದಕ್ಕೆ ಒಂದು ಪೀಠ…"

"ನಾನ್ ಆವಾಗ್ಲೇ ಹೇಳಿದ್ದೆ ಅವರಿಗೆ. ಗೊಂಬೆ ಮಾಡೋ ಆಲೆ ಮರ ಇದು, ಹಗುರ, ಹಸಿ ಬೇರೆ ಇತ್ತು. ಒಂದು ತಿಂಗಳು ಒಣಗ್ಲಿ ಅಂದೆ. ಅರ್ಜೆಂಟು ಅಂದ್ರು."

"ಯಾರು ಸಾಬ್ರೇ?"

"ನಿಮ್ಮ ತಮ್ಮ ಅಲ್ವಾ? ಅಕ್ಕೂರಿನವರು. ಅಕ್ಕ ಹೈಸ್ಕೂಲ್ ಟೀಚರು ಅಂದ್ರಲ್ಲ."

ಅವರಿಗೆ ಮರೆವು ಎಂದುಕೊಂಡೆ. ವಯಸ್ಸಾಗಿದೆ, ಪಾಪ. "ಇದು ನಮ್ಮ ಅವ್ವಂದು ಸಾಬ್ರೇ, ಎಂಬತ್ತು ವರ್ಷದ್ದು," ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದೆ.

ಅವರು ಸೇರನ್ನು ಕೈಗೆ ತಗೊಂಡು, ಒಳಗೆ ಬೆರಳು ಹಾಕಿ, ತಳದ ಕೆಂಪು ಚುಕ್ಕಿಯ ಮೇಲೆ ಇಟ್ಟರು.

"ಈ ಚುಕ್ಕಿ ನಂದು, ಟೀಚರಮ್ಮ. ಅರಗು ಇದು. ಹಳೇ ಥರ ಮಾಡ್ಕೊಡಿ ಅಂತ ಯಾರು ಬಂದ್ರೂ ಒಳಗೆ ಒಂದು ಚುಕ್ಕಿ ಇಡ್ತೀನಿ. ನಾಳೆ ಹಳೇದು ಅಂತ ಯಾರಿಗೋ ಮೋಸ ಮಾಡ್ಬಾರ್ದಲ್ಲ."

ಅವರಿಗೆ ತಮ್ಮ ಕೆಲಸದ ಬಗ್ಗೆ ಹೇಳುವ ಹುರುಪು. ಪಟ್ಟಿ ಮಾತ್ರ ಹಳೆಯದು, ಗುಜರಿಯದು. ಕಪ್ಪು ಬರಲು ಟೀ ಡಿಕಾಕ್ಷನ್ನಿನಲ್ಲಿ ಎರಡು ದಿನ ನೆನೆಸಿದ್ದು, ಆಮೇಲೆ ಕಡಲೆಕಾಯಿ ಎಣ್ಣೆ, ಒಲೆಯ ಹೊಗೆ. ಒಳಗೆ ಗೋಡೆ ದಪ್ಪ ಬಂತು, ಅಳತೆಗೆ ಬರುವುದಿಲ್ಲ ಎಂದಾಗ ಶೋಗೆ ತಾನೇ ಎಂದಿದ್ದನಂತೆ ನನ್ನ ತಮ್ಮ.

"ಈ ಗುಳಿ?" ಎಂದೆ.

"ಅದೇ ಕಷ್ಟ ಆಗಿದ್ದು!" ಎಂದು ನಕ್ಕರು. "ಮೂರು ಸಲ ಉಜ್ಜಿಸಿದ್ರು, ಉಪ್ಪು ಕಾಗದದಲ್ಲಿ. ಇನ್ನೂ ಒಸಿ ಆಳ, ಇನ್ನೂ ಒಸಿ ಆಳ ಅಂತ. ಅಕ್ಕನ ಹೆಬ್ಬೆಟ್ಟು ಕೂರಬೇಕು ಅಂತ."

ಪೀಠದ ಮಾತು ಎತ್ತದೆ ಬಂದುಬಿಟ್ಟೆ. ಅವರು ಹಿಂದಿನಿಂದ, "ಒಂದು ವಾರ ಬಿಟ್ಟು ಬನ್ನಿ, ಚೆನ್ನಾಗಿ ಮಾಡ್ಕೊಡ್ತೀನಿ," ಎನ್ನುತ್ತಲೇ ಇದ್ದರು.

ಮನೆಗೆ ಹೋಗಲಿಲ್ಲ. ಸೀದಾ ಅಕ್ಕೂರಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ಹಳೇ ಸೇರಿಗೆ ಏನಾಗಿರಬಹುದೆಂದು ಲೆಕ್ಕ ಹಾಕಿದೆ. ಹೆದ್ದಾರಿಯ ಯಾವುದೋ ರೆಸಾರ್ಟಿಗೆ ಕೊಟ್ಟಿದ್ದಾನೆ, ಅಲ್ಲಿಯ ಊಟದ ಮೇಜಿನ ಮೇಲೆ ನನ್ನ ಅವ್ವನ ಸೇರು ಕೂತಿದೆ, ಅದರಲ್ಲಿ ಟಿಶ್ಯೂ ಪೇಪರ್ ಸಿಕ್ಕಿಸಿದ್ದಾರೆ. ಟಿಶ್ಯೂ ಪೇಪರಿನ ತನಕ ಕಲ್ಪಿಸಿಕೊಂಡು ಸ್ಕೂಟರ್ ನಿಲ್ಲಿಸಿ ನೀರು ಕುಡಿದೆ.

ತಮ್ಮ ಜಗಲಿಯಲ್ಲಿ ಚಂದ್ರಿಕೆ ಕೊಡವುತ್ತಿದ್ದ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ ಅದು. ನನ್ನ ಕೈಯ ಚೀಲ ನೋಡಿದ. ಕೊಡವುವುದನ್ನು ನಿಲ್ಲಿಸಿದ. ನಾನು ಏನೂ ಹೇಳಬೇಕಾಗಲಿಲ್ಲ.

"ಸಾಬ್ರು ಹೇಳುದ್ರಾ?"

"ಎಲ್ಲೋ ಅವ್ವನ ಸೇರು?"

"ಒಳಿಕೆ ಬಾಕ್ಕ, ಕುಂತ್ಕೊ."

"ಕೂತ್ಕೊಳಲ್ಲ. ಯಾರಿಗೆ ಕೊಟ್ಟೆ? ಹೇಳು."

"ಯಾರ್ಗೂ ಕೊಟ್ಟಿಲ್ಲ ಕಣಕ್ಕ, ದೇವ್ರಾಣೆ. ಇಲ್ಲೇ ಐತೆ."

ಇಲ್ಲೇ ಇದೆ ಎಂದಾಗ ಸಮಾಧಾನವಾಗಬೇಕಿತ್ತು. ಮಾರಿದ್ದರೂ ಇಷ್ಟು ನೋಯುತ್ತಿರಲಿಲ್ಲ ಅನಿಸಿತು. ಇಟ್ಟುಕೊಂಡು ಇಲ್ಲವೆನ್ನುವ ಬದಲು ಇಟ್ಟುಕೊಂಡು ಕೊಟ್ಟಂತೆ ಮಾಡಿದ್ದ. ಎರಡು ವರ್ಷ ನನ್ನ ಎದುರು ಕೂತು ಮುದ್ದೆ ನುಂಗುತ್ತಾ ಹೂಂ ಅಂದಿದ್ದ.

"ಕೊಡಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇನೋ?"

"ಹೇಳಿದ್ರೆ ನೀನು ಸುಮ್ಕಿರ್ತಿದ್ದಾ? ಅವ್ವ ಸತ್ತ್‌ಮೇಲೆ ನಂಗ್ಯಾರವ್ರೆ ಅಂತ ಆರ್ ತಿಂಗ್ಳು ಅಳ್ತಿದ್ದೆ."

ಆರು ತಿಂಗಳಲ್ಲ, ಒಂದು ವರ್ಷ ಅಳುತ್ತಿದ್ದೆ. ಆದರೆ ಅದನ್ನು ಅವನಿಗೆ ಒಪ್ಪಿಸುವ ದಿನ ಅದಾಗಿರಲಿಲ್ಲ.

"ಎಡಗೈಯಲ್ಲಿ ಹಿಡೀತಿದ್ಲು ಅಂದ್ಯಲ್ಲೋ, ಅದ್ಯಾಕೆ? ಅದನ್ನ ನಾನು ಕೇಳಿರಲೇ ಇಲ್ಲ."

ಅವನು ಚಂದ್ರಿಕೆಯ ಕಡ್ಡಿಯೊಂದನ್ನು ಕಿತ್ತು ಕಿತ್ತು ಬಿಸಾಡಿದ. "ನೀನು ಹೇಳ್ತಾ ಇದ್ರೆ ಕೇಳಕ್ಕೆ ಚೆಂದಾಗಿರದು ಕಣಕ್ಕ. ಹಂಗೇ ಬಾಯ್ಗೆ ಬಂದ್‌ಬುಡ್ತು."

ಅಷ್ಟರಲ್ಲಿ ಅವನ ಹೆಂಡತಿ ಸೊಪ್ಪಿನ ಹೊರೆ ಇಳಿಸಿ, ಕೈ ತೊಳೆದುಕೊಂಡು ಬಂದಳು. ನಡೆದದ್ದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಗಂಡನ ಕಡೆ ತಿರುಗಿ, "ಆವತ್ತೇ ಬಡ್ಕೊಂಡೆ, ಬ್ಯಾಡ ಅಂತ," ಎಂದಳು. ಒಳಗೆ ಹೋಗಿ ಅಕ್ಕಿಯ ಡ್ರಮ್ಮಿನ ಮುಚ್ಚಳ ತೆಗೆದು, ಅದರೊಳಗಿಂದ ಸೇರು ಎತ್ತಿ ತಂದು ನನ್ನ ಕೈಗೇ ಕೊಟ್ಟಳು.

"ತಕಳಿ ಅತ್ಗೆ. ಇದೇ."

ನನಗೆ ಅದರ ಗುರುತು ಹತ್ತಲಿಲ್ಲ.

ನಿಜ ಹೇಳುತ್ತಿದ್ದೇನೆ. ಭಾರದ ಹಲಸಿನ ಮರ, ನಾನು ನೆನೆಸಿಕೊಂಡಿದ್ದಕ್ಕಿಂತ ಗಿಡ್ಡ. ಒಂದು ಪಟ್ಟಿ ಬಿದ್ದುಹೋಗಿ ಅಲ್ಲಿ ಡಬ್ಬದ ತಗಡು ಕತ್ತರಿಸಿ ಕಟ್ಟಿದ್ದರು. ಒಂದು ಕಡೆ ಸೀಳಿಗೆ ತಾಮ್ರದ ತಂತಿಯ ಹೊಲಿಗೆ. ಬಾಯಂಚಿನ ಮೇಲೆ ಬೆರಳಾಡಿಸಿದೆ. ಒಂದು ಸುತ್ತು, ಎರಡು ಸುತ್ತು. ಅಕ್ಕಿ ಸವರಿ ಸವರಿ ಸುತ್ತಲೂ ಒಂದೇ ಸಮ ಸವೆದಿತ್ತು. ಎಲ್ಲೂ ಗುಳಿ ಇರಲಿಲ್ಲ.

"ಇದಲ್ಲ," ಎಂದೆ. "ಇದರಲ್ಲಿ ಗುಳಿ ಇಲ್ಲ. ಅವ್ವನ ಹೆಬ್ಬೆಟ್ಟಿನ ಗುಳಿ."

ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಅವಳ ದನಿ ಮೆತ್ತಗಾಯಿತು, ಅದೇ ನನಗೆ ಸಹಿಸಲಾಗಲಿಲ್ಲ.

"ಗುಳಿ ಇದ್ದುದ್ದು ಸೇರಲ್ಲಲ್ಲ ಅತ್ಗೆ. ಅತ್ತೆಮ್ಮನ ಹೆಬ್ಬೆಟ್ಟಲ್ಲಿ. ಸೊಪ್ಪು ಕುಯ್ಯುವಾಗ ಕುಡ್ಲು ತಾಗಿ ಒಸಿ ಮಾಂಸವೇ ಹೋಗಿತ್ತಲ್ಲ, ಎಡಗೈಲಿ. ಕಡೇ ಕಡೇಲಿ ಅನ್ನ ಕಲ್ಸಿ ಕೊಡುವಾಗ ದಿನಾ ನೋಡ್ತಿದ್ನಲ್ಲ."

ಕಡೆಗಾಲದಲ್ಲಿ ಅವ್ವನಿಗೆ ಅನ್ನ ಕಲಸಿದವಳು ಅವಳು. ನಾನು ಭಾನುವಾರ ಭಾನುವಾರ ಹಣ್ಣು ತರುತ್ತಿದ್ದೆ. ಗಾಯದ ಗುಳಿಯನ್ನು ಬೆರಳಿಂದ ಎತ್ತಿ ಮರಕ್ಕೆ ಇಟ್ಟವಳು ನಾನೇ. ನಾನು ಫೋನಿನಲ್ಲಿ ಹೇಳಿದ ಸುಳ್ಳನ್ನು ತಮ್ಮ ಸಾಬರಿಗೆ ಹೇಳಿ ಉಪ್ಪು ಕಾಗದದಲ್ಲಿ ನಿಜ ಮಾಡಿಸಿ ತಂದುಕೊಟ್ಟಿದ್ದ. ತಮ್ಮನ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಈಗ ಅದೊಂದೇ ಸಿಟ್ಟಾಗಿರಲಿಲ್ಲ. ಯಾರ ಮೇಲೆ ಎಷ್ಟು ಸಿಟ್ಟಾಗಬೇಕೆಂದು ತಿಳಿಯದೆ ಎರಡೂ ಸೇರುಗಳನ್ನು ಎರಡು ಕೈಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತಿದ್ದೆ.

"ನಂಗೆ ನಿಮ್ಮ ಮೇಲೆ ಕ್ವಾಪ ಇಲ್ಲ ಅತ್ಗೆ," ಎಂದಳು ಅವಳು. "ಆದ್ರೆ ಕೇಳಿದ್ರೆ ನಾನೇ ಹೇಳ್ತಿದ್ದೆ. ದಿನಾ ಇದ್ರಲ್ಲೇ ಅಕ್ಕಿ ಅಳೀತೀನಿ. ಇಲ್ಲಾಂದ್ರೆ ನಂಗೆ ಎಸ್ರಿಗೆ ನೀರು ಎಷ್ಟು ಮಡಗ್ಬೇಕು ಅಂತ್ಲೇ ತಿಳಿಯಕಿಲ್ಲ. ನಿಮಗೆ ಅಂದಕ್ಕೆ, ನಂಗೆ ಅನ್ನಕ್ಕೆ. ಈಗ ಬೇಕಾದ್ರೆ ತಕ್ಕೊಂಡೋಗಿ. ಅತ್ತೆಮ್ಮ ನಿಮ್ಗೂ ಅವ್ವನೇ."

ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅದರೊಳಗಿಂದ ಅಕ್ಕಿಯ ವಾಸನೆ ಬರುತ್ತಿತ್ತು. ನನ್ನ ಮೇಜಿನ ಮೇಲೆ ಇದರಲ್ಲಿ ಏನು ಇಡುತ್ತಿದ್ದೆ? ಕನಕಾಂಬರ. ಈ ತಂತಿ ಹೊಲಿಗೆಯನ್ನು, ಡಬ್ಬದ ತಗಡನ್ನು ಯಾರಾದರೂ ಫೋಟೋ ತೆಗೆಯುತ್ತಿದ್ದರೇ? ತೆಗೆಯದಿದ್ದರೆ ನಾನು ಅದನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಹಲಸಿನದನ್ನು ಅವಳ ಕೈಗೆ ವಾಪಸ್ಸು ಕೊಟ್ಟೆ.

ಹೊರಟಾಗ, ಎಂದಿನಂತೆ, ಅವಳು ಮಡಿಲಕ್ಕಿ ತಂದಳು. ಬೇಡ ಎನ್ನಬೇಕೆಂದಿದ್ದೆ. ಬೇಡ ಎನ್ನುವುದು ಕೆಟ್ಟದ್ದೇನೋ, ನನ್ನ ಗಂಡನಿಗೆ ಏನಾದರೂ ಆದರೆ ಎಂಬ ಭಯವಾಗಿ ಸೆರಗೊಡ್ಡಿದೆ. ತಲೆ ತಗ್ಗಿಸಿ ನೋಡಿದೆ. ಸೇರು ಹಿಡಿದ ಅವಳ ಹೆಬ್ಬೆಟ್ಟಿನ ಉಗುರು ಸೊಪ್ಪಿನ ಹಾಲಿಗೆ ಕಪ್ಪಾಗಿತ್ತು. ಒಂದು, ಎರಡು, ಮೂರು ಸೇರು. ಆರು ವರ್ಷದಿಂದ ಇದೇ ಸೇರಿನಲ್ಲೇ ತುಂಬಿದ್ದಾಳೆ. ಅವ್ವನ ಸೇರು ನನ್ನ ಮೇಜಿನ ಮೇಲಿದೆ ಎಂದು ನಂಬಿದ್ದ ಎರಡು ವರ್ಷವೂ ಅದು ಇಲ್ಲೇ ನನ್ನ ಕಣ್ಣ ಮುಂದೆ ನನ್ನ ಮಡಿಲಿಗೇ ಅಕ್ಕಿ ಸುರಿಯುತ್ತಿತ್ತು. ನಾನು ಗಮನಿಸಿರಲಿಲ್ಲ. ಆಗೆಲ್ಲ, ಅಯ್ಯೋ ಪಾಪ, ಸೇರು ನನಗೆ ಕೊಟ್ಟು ಯಾವುದರಲ್ಲೋ ಅಳೆಯುತ್ತಿದ್ದಾರೆ ಎಂದುಕೊಂಡು ಮರುಗಿದ್ದೆ.

ಹೊಸಿಲ ಬಳಿ ನಿಂತೆ. ಮೂರು ಹಿಡಿ ವಾಪಸ್ಸು ಹಾಕಬೇಕು. ತಮ್ಮನ ಹೆಂಡತಿ ಮೊರ ಹಿಡಿದು ಕಾಯುತ್ತಿದ್ದಳು. ತಮ್ಮ ಗೋಡೆಗೆ ಒರಗಿದ್ದ. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿದ. ಅಕ್ಕಿಯನ್ನು ಹಾಗೇ ಗಂಟು ಕಟ್ಟಿಕೊಂಡು ಹೊಸಿಲು ದಾಟಿಬಿಟ್ಟೆ.

ಹಿಂದಿನಿಂದ ಯಾರೂ ಕರೆಯಲಿಲ್ಲ.

ಚನ್ನಪಟ್ಟಣ ಮುಟ್ಟುವ ಮೊದಲೇ ಚಿಂತೆ ಹಿಡಿಯಿತು. ಅವರ ಹುಳುವಿಗೆ ರೋಗ ಬಂದರೆ? ತೋಟದ ಬೋರು ಬತ್ತಿದರೆ? ಎಲ್ಲಕ್ಕೂ ನನ್ನ ಮೂರು ಹಿಡಿ ಅಕ್ಕಿಯೇ ಕಾರಣವಾಗುತ್ತದೆ. ಮನೆಗೆ ಬಂದು ಮಡಿಲಕ್ಕಿಯನ್ನು ಮೇಜಿನ ಮೇಲೆ ಬಿಚ್ಚಿ, ಯಾಕೋ ಆ ಡಿಕಾಕ್ಷನ್ ಸೇರಿನಲ್ಲಿ ಅಳೆದು ಅಳೆದು ಡಬ್ಬಕ್ಕೆ ಹಾಕಿದೆ. ಮೂರು ಸಲ ತುಂಬಿದ ಮೇಲೂ ಗಾಜಿನ ಮೇಲೆ ಒಂದಿಷ್ಟು ಅಕ್ಕಿ ಉಳಿಯಿತು. ಸಾಬರು ಹೇಳಿದ್ದು ಸರಿ, ಅದು ಅಳತೆಗೆ ಬರುವ ಸೇರಲ್ಲ. ಉಳಿದದ್ದನ್ನು ಹಿಡಿಯಲ್ಲಿ ಎತ್ತಿದೆ. ಮೂರು ಹಿಡಿಗಿಂತ ಸ್ವಲ್ಪ ಜಾಸ್ತಿ ಇತ್ತು. ಅದನ್ನು ಆ ಸೇರಿನೊಳಗೇ ಹಾಕಿ ಮೇಜಿನ ನಡುವೆ ಇಟ್ಟೆ. ತಮ್ಮ ಗೌರಿ ಬಾಗಿನ ತರುತ್ತಾನಲ್ಲ, ಆಗ ಕೊಟ್ಟುಬಿಟ್ಟರಾಯಿತು.

ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸೇರನ್ನು ಎತ್ತಿ ಮೂಸಿದರು. "ಅದಕ್ಕೇ ಇದ್ರತ್ರ ಕುಂತಾಗೆಲ್ಲ ಟೀ ಕುಡೀಬೇಕು ಅನ್ನಿಸ್ತಿತ್ತು," ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಗೌರಿ ಹಬ್ಬಕ್ಕೆ ತಮ್ಮ ಬಂದ. ಬರುತ್ತಾನೋ ಇಲ್ಲವೋ ಎಂದು ಬೆಳಗಿನಿಂದ ಗೇಟಿಗೆ ಹತ್ತು ಸಲ ಹೋಗಿದ್ದೆ. ಬಾಗಿನದ ಮೊರ ಮೇಜಿನ ಮೇಲಿಟ್ಟ. ಒಂದು ಬದಿ ಬಿಡಿಸಿ, ಸೇರಿನ ಎದುರಿಗೇ ಕೂರಿಸಿ ಬಡಿಸಿದೆ. ಆ ಹೊತ್ತಿಗೆ ಕುಂಕುಮಕ್ಕೆಂದು ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಬಂದರು. ಮೇಜು ನೋಡಿ ಕಣ್ಣರಳಿಸಿದರು.

"ಅಯ್ಯೋ ಎಷ್ಟು ಚೆನ್ನಾಗಿದೆ! ಇದು ಹಳೇದಾ ಮೇಡಂ?"

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನಾನು ಸೆರಗಿಗೆ ಕೈ ಒರೆಸಿಕೊಂಡೆ. ಅವ್ವ, ಮಡಿಲಕ್ಕಿ, ಮೂರು ಸೇರು, ಹೆಬ್ಬೆಟ್ಟಿನ ಗುಳಿ, ಕುಂಕುಮದ ಚುಕ್ಕಿ. ಒಂದನ್ನೂ ಬಿಡದೆ ಎಲ್ಲ ಹೇಳಿದೆ. ಹಿಂದೆಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಆ ಟೀಚರ ಕಣ್ಣಲ್ಲಿ ನೀರು ಬಂತು. ಕೊನೆಗೆ ತಮ್ಮನ ಕಡೆ ತಿರುಗಿದೆ.

"ಅಲ್ವೇನೋ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು. "ಹೂಂ ಕಣಕ್ಕ," ಎಂದ. ಎಡಗೈ ಎನ್ನಲಿಲ್ಲ. ಹೋಳಿಗೆ ಇನ್ನೊಂದು ಹಾಕಲೇ ಎಂದೆ. ಬೇಡವೆಂದು ಕೈ ಅಡ್ಡ ಹಿಡಿದ.

ಅವನನ್ನು ಗೇಟಿನವರೆಗೆ ಕಳಿಸಿ ಬಂದೆ. ಅಕ್ಕಿಯನ್ನು ಕೊಡಲಿಲ್ಲ. ಮರೆತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮರೆತಿರಲಿಲ್ಲ.

ಆಮೇಲೆ ದೀಪಾವಳಿ ಆಯಿತು, ಸಂಕ್ರಾಂತಿಯೂ ಆಯಿತು. ಆ ಮೂರು ಹಿಡಿ ಅಕ್ಕಿ ಇನ್ನೂ ಮೇಜಿನ ನಡುವಿನ ಸೇರಿನಲ್ಲೇ ಇದೆ. ಹೋದ ಭಾನುವಾರ ನೋಡಿದೆ, ಹುಳ ಬಿದ್ದಿತ್ತು. ಪೇಪರಿನ ಮೇಲೆ ಸುರಿದು, ಕನ್ನಡಕ ಹಾಕಿಕೊಂಡು, ಒಂದೊಂದೇ ಹುಳ ಆರಿಸಿ, ಒಸಿ ಬಿಸಿಲಿಗಿಟ್ಟು, ಮತ್ತೆ ಅದರೊಳಗೇ ಹಾಕಿಟ್ಟಿದ್ದೇನೆ.